ಪವರ್ ವಿಂಡೋ ಏರದಿದ್ದರೆ: ಮೋಟಾರ್ ಬದಲಿಸುವ ಮೊದಲು ಕರೆಂಟ್ ಎಲ್ಲಿ ನಿಂತಿದೆ ನೋಡಿ

ಹೋದ ವರ್ಷ ಮೇ ತಿಂಗಳಲ್ಲಿ ಅಮ್ಮನನ್ನು ಕರೆದುಕೊಂಡು ಚಿತ್ರದುರ್ಗದಿಂದ ದಾವಣಗೆರೆಗೆ ವಾಪಸ್ ಬರುತ್ತಿದ್ದೆ. ಸೆಖೆ ಅಂತ ದುರ್ಗ ಬಿಡುವಾಗಲೇ ಅಮ್ಮ ತಮ್ಮ ಕಡೆಯ ಗ್ಲಾಸ್ ಇಳಿಸಿಕೊಂಡಿದ್ದರು. ಭರಮಸಾಗರದಲ್ಲಿ ಚಹಾಕ್ಕೆ ನಿಂತು ಮತ್ತೆ ಹೊರಟೆವು. ಎರಡು ಮೂರು ಕಿಲೋಮೀಟರ್ ಬಂದಿರಬೇಕು, ಗಾಳಿ ಎದ್ದು ಹೆದ್ದಾರಿ ತುಂಬಾ ಕೆಂಪು ಧೂಳು, ಅದರ ಹಿಂದೆಯೇ ದಪ್ಪ ದಪ್ಪ ಹನಿ. ಅಮ್ಮ ಬಟನ್ ಎಳೆದರು, ಗ್ಲಾಸ್ ಏರಲಿಲ್ಲ. ನನ್ನ ಬಾಗಿಲಿನ ಬಟನ್‌ನಿಂದ ನಾನೂ ಎಳೆದೆ, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. "ಆಗ್ಲೇ ಇಳೀತಲ್ಲೋ, ಈಗ್ಯಾಕೆ ಏರಂಗಿಲ್ಲ ಇದು" ಅಂತ ಅಮ್ಮ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಕೂತರು. ಹೆಬ್ಬಾಳು ಟೋಲ್ ಬರುವಷ್ಟರಲ್ಲಿ ಅವರ ಎಡತೋಳು, ಸೀರೆ, ಸೀಟು ಎಲ್ಲಾ ನೆಂದು ತೊಪ್ಪೆಯಾಗಿತ್ತು.

ಮಾರನೇ ದಿನ ಗ್ಯಾರೇಜಿಗೆ ಬಿಟ್ಟೆ. "ಮೋಟಾರ್ ಹೋಗೈತೆ ಸಾರ್" ಅಂದರು. ಹಾಕಿಸಿದೆ. ಮೂರೂವರೆ ಸಾವಿರ ಹೋಯಿತು, ಗ್ಲಾಸ್ ಚೆನ್ನಾಗಿ ಏರಿತು, ಇಳಿಯಿತು, ಸಮಾಧಾನ ಆಯಿತು. ನಾಲ್ಕನೇ ದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ಹೊಸ ಮೋಟಾರ್, ಹಳೇ ರೋಗ. ಕೊನೆಗೆ ಸಿಕ್ಕ ದೋಷ ಏನು ಗೊತ್ತಾ? ಬಾಗಿಲಿಗೂ ಕಾರಿನ ಮೈಗೂ ನಡುವೆ ಇರುವ ಕಪ್ಪು ರಬ್ಬರ್ ಕೊಳವೆಯೊಳಗೆ ತುಂಡಾಗಿದ್ದ ಒಂದೇ ಒಂದು ವೈರ್. ಗೇಣುದ್ದ ವೈರ್‌ನಲ್ಲಿ ಮುಗಿಯುವ ಕೆಲಸ ಅದು.

ಅವತ್ತಿಂದ ಈ ಪವರ್ ವಿಂಡೋ ವಿಷಯವನ್ನು ಕೂತು ಕಲಿತೆ. ನೆಂಟರ, ಗೆಳೆಯರ ಕಾರುಗಳಲ್ಲೂ ಬಿಚ್ಚಿ ನೋಡಿದ್ದೇನೆ. ನಮ್ಮ ಓಣಿಯಲ್ಲಿ ಲಾರಿಗಳ ವೈರಿಂಗ್ ಮಾಡುತ್ತಾ ತಲೆ ಹಣ್ಣಾದ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ, ಎಲ್ಲರೂ ಚಾಚಾ ಅಂತಲೇ ಕರೆಯೋದು. ಬಹಳಷ್ಟು ಅವರೇ ಹೇಳಿಕೊಟ್ಟಿದ್ದು. ನಿಮ್ಮ ದುಡ್ಡೂ ನನ್ನ ಹಾಗೆ ಸುಮ್ನೆ ಹೋಗಬಾರದು ಅಂತ ಇಷ್ಟು ಬರೆಯುತ್ತಿದ್ದೇನೆ.

ಕರೆಂಟ್ ಬರುವ ದಾರಿ

ಇದೊಂದು ತಲೆಗೆ ಹೋದರೆ ಅರ್ಧ ಕೆಲಸ ಆದ ಹಾಗೆ. ಬ್ಯಾಟರಿಯಿಂದ ಹೊರಟ 12 ವೋಲ್ಟ್ ಮೊದಲು ಫ್ಯೂಸ್‌ಗೆ ಬರುತ್ತದೆ. ಸಾಮಾನ್ಯವಾಗಿ ಅದು 20ರಿಂದ 30 ಆಂಪಿಯರ್‌ನ ಫ್ಯೂಸ್. ಅಲ್ಲಿಂದ ಒಂದು ರಿಲೇ. ಕೀಲಿ ತಿರುಗಿಸಿ ಇಗ್ನಿಷನ್ ಆನ್ ಮಾಡಿದಾಗ ಮಾತ್ರ ಈ ರಿಲೇ ದಾರಿ ಬಿಡುತ್ತದೆ. ಅಲ್ಲಿಂದ ಡ್ರೈವರ್ ಬಾಗಿಲಿನ ಮಾಸ್ಟರ್ ಸ್ವಿಚ್, ಅಂದರೆ ನಾಲ್ಕೂ ಗ್ಲಾಸಿನ ಬಟನ್ ಇರುವ ಸೆಟ್. ಆಮೇಲೆ ಆಯಾ ಬಾಗಿಲಿನ ಸ್ವಿಚ್, ಕೊನೆಗೆ ಮೋಟಾರ್.

ಮೋಟಾರಿಗೆ ಇರುವುದು ಎರಡೇ ವೈರ್. ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಅರ್ತ್ (ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ) ಕೊಟ್ಟರೆ ಗ್ಲಾಸ್ ಏರುತ್ತದೆ. ಅದಲು ಬದಲು ಮಾಡಿದರೆ ಇಳಿಯುತ್ತದೆ. ಬಟನ್ ಮಾಡುವ ಕೆಲಸ ಅಷ್ಟೇ. ಮೋಟಾರಿನಲ್ಲಿ ಏರುವುದಕ್ಕೆ ಬೇರೆ, ಇಳಿಯುವುದಕ್ಕೆ ಬೇರೆ ಅಂತ ಏನೂ ಇಲ್ಲ. ಹಾಗಾಗಿ ಗ್ಲಾಸ್ ಒಂದು ಕಡೆಗೆ ಸರಾಗವಾಗಿ ಹೋಗಿ, ಇನ್ನೊಂದು ಕಡೆಗೆ ಏನೂ ಸದ್ದಿಲ್ಲದೆ ನಿಂತಿದ್ದರೆ ಮೋಟಾರನ್ನು ಬೈಯಬೇಡಿ, ಅದು ಸರಿಯಾಗಿದೆ. ತಪ್ಪು ಸ್ವಿಚ್‌ನಲ್ಲೋ ವೈರ್‌ನಲ್ಲೋ ಇದೆ.

ಇನ್ನೊಂದು ವಿಷಯ, ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಹಳೇ ಮಾದರಿಯ ವೈರಿಂಗ್‌ನಲ್ಲಿ ಪ್ಯಾಸೆಂಜರ್ ಬಾಗಿಲಿನ ಮೋಟಾರಿಗೆ ಅರ್ತ್ ಸಿಗುವುದು ಅಲ್ಲೇ ಬಾಗಿಲಿನಲ್ಲಿ ಅಲ್ಲ. ಡ್ರೈವರ್ ಕಡೆಯ ಮಾಸ್ಟರ್ ಸ್ವಿಚ್‌ವರೆಗೂ ಎರಡು ವೈರ್ ಹೋಗಿ, ಯಾರೂ ಬಟನ್ ಮುಟ್ಟದಿದ್ದಾಗ ಎರಡೂ ಅಲ್ಲೇ ಅರ್ತ್ ಆಗಿರುತ್ತವೆ. ಪ್ಯಾಸೆಂಜರ್ ತನ್ನ ಬಟನ್ ಒತ್ತಿದರೆ ಪ್ಲಸ್ ಮಾತ್ರ ಅಲ್ಲಿಂದ ಬರುತ್ತದೆ, ವಾಪಸ್ ಹೋಗುವ ದಾರಿ ಮಾಸ್ಟರ್ ಸ್ವಿಚ್ ಮೂಲಕವೇ. ಅದಕ್ಕೇ ಎಡಗಡೆ ಗ್ಲಾಸ್ ಕೆಟ್ಟಾಗ ಬಲಗಡೆ ಬಾಗಿಲನ್ನೂ ನೋಡಬೇಕಾಗುತ್ತದೆ.

ಈ ಎರಡು ವೈರ್‌ನಲ್ಲಿ ಒಂದು ತುಂಡಾದರೆ ಏನಾಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದು ನೋಡಿ, ಚೆನ್ನಾಗಿ ಅರ್ಥ ಆಗುತ್ತದೆ. ಮಾಸ್ಟರ್ ಬಟನ್‌ನಿಂದ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಪ್ಯಾಸೆಂಜರ್ ಬಟನ್‌ನಿಂದ ಮಾತ್ರ ಒಂದೇ ಒಂದು ಕಡೆಗೆ ಓಡುತ್ತದೆ. ಈ ಲಕ್ಷಣ ಕಂಡರೆ ನೇರವಾಗಿ ವೈರ್ ಹುಡುಕಿ. ಅವತ್ತು ಮಳೆಯಲ್ಲಿ ನನ್ನ ಕಾರಿಗೆ ಆಗಿದ್ದೂ ಇದೇ. ಅಮ್ಮನ ಬಟನ್ ಅನ್ನು ಕೆಳಕ್ಕೆ ಒತ್ತಿ ನೋಡಿದ್ದರೆ ಮೋಟಾರ್ 'ಟಕ್' ಅನ್ನುವುದು ಕೇಳುತ್ತಿತ್ತು, ಬದುಕಿದೆ ಅಂತ ಅಲ್ಲೇ ಗೊತ್ತಾಗುತ್ತಿತ್ತು. ಆದರೆ ಮಳೆ ಒಳಗೆ ಬರುವಾಗ, ಆಗಲೇ ಕೆಳಗಿರುವ ಗ್ಲಾಸನ್ನು ಮತ್ತೆ ಇಳಿಸಿ ನೋಡೋಣ ಅಂತ ಯಾರಿಗೆ ಹೊಳೆಯುತ್ತದೆ?

ಬಿಚ್ಚುವ ಮುಂಚೆ ಕಣ್ಣು, ಕಿವಿ

ನಾಲ್ಕೂ ಗ್ಲಾಸ್ ಸತ್ತಿದ್ದರೆ ನಾಲ್ಕು ಮೋಟಾರ್ ಒಟ್ಟಿಗೆ ಹೋಗಿರುವುದಿಲ್ಲ. ಫ್ಯೂಸ್, ರಿಲೇ, ಇಲ್ಲವೇ ಮಾಸ್ಟರ್ ಸ್ವಿಚ್‌ಗೆ ಬರುವ ಪ್ಲಸ್ ಅಥವಾ ಅರ್ತ್. ಡ್ರೈವರ್ ಗ್ಲಾಸ್ ಓಡಿ ಉಳಿದ ಮೂರು ಓಡದಿದ್ದರೆ ಮೊದಲು ವಿಂಡೋ ಲಾಕ್ ಬಟನ್ ನೋಡಿ. ಮಕ್ಕಳು ಆಡದಿರಲಿ ಅಂತ ಇರುವ ಬಟನ್ ಅದು, ಕೈ ತಾಗಿ ಒತ್ತಿಕೊಂಡಿರುತ್ತದೆ. ಹರಿಹರದಿಂದ ನನ್ನ ಷಡ್ಡಕ ಬರೀ ಇದಕ್ಕೋಸ್ಕರ ಕಾರು ತಂದಿದ್ದರು. ಬಟನ್ ಎತ್ತಿದೆ, ಮುಗಿಯಿತು.

ಒಂದೇ ಗ್ಲಾಸಿನ ಸಮಸ್ಯೆಯಾದರೆ ಅದರ ಎರಡೂ ಬಟನ್‌ನಿಂದ, ಎರಡೂ ಕಡೆಗೆ ಒತ್ತಿ ನೋಡಿ. ಒಟ್ಟು ನಾಲ್ಕು ಸಲ. ಏನಾಯಿತು ಅಂತ ಬರೆದಿಟ್ಟುಕೊಳ್ಳಿ. ಮಾಸ್ಟರ್‌ನಿಂದ ಎರಡೂ ಕಡೆ ಓಡಿ, ಅದರ ಸ್ವಂತ ಬಟನ್‌ನಿಂದ ಓಡದಿದ್ದರೆ ಸ್ವಂತ ಸ್ವಿಚ್ ಅಥವಾ ಅದಕ್ಕೆ ಬರುವ ಪ್ಲಸ್. ಸ್ವಂತ ಬಟನ್‌ನಿಂದ ಎರಡೂ ಕಡೆ ಓಡಿ, ಮಾಸ್ಟರ್‌ನಿಂದ ಓಡದಿದ್ದರೆ ಮಾಸ್ಟರ್ ಸ್ವಿಚ್‌ನ ಆ ಬಟನ್. ಎಲ್ಲಿಂದಲೂ ಓಡದಿದ್ದರೆ ವೈರ್, ಮೋಟಾರ್ ಎರಡನ್ನೂ ನೋಡಬೇಕು.

ಈಗ ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಇದಕ್ಕೆ ಯಾವ ಸಾಮಾನೂ ಬೇಡ. ಕತ್ತಲಾದ ಮೇಲೆ, ಎಂಜಿನ್ ಆಫ್ ಮಾಡಿ, ಇಗ್ನಿಷನ್ ಮಾತ್ರ ಆನ್ ಇಟ್ಟು, ಒಳಗಿನ ಛಾವಣಿಯ ದೀಪ ಹಚ್ಚಿ. ಕೆಟ್ಟ ಗ್ಲಾಸಿನ ಬಟನ್ ಒತ್ತುತ್ತಾ ದೀಪವನ್ನೇ ನೋಡುತ್ತಿರಿ. ದೀಪ ಚೂರು ಮಂಕಾದರೆ ಕರೆಂಟ್ ಮೋಟಾರಿನವರೆಗೂ ಹೋಗುತ್ತಿದೆ ಅಂತ ಅರ್ಥ. ಮೋಟಾರ್ ತಿರುಗಲು ಒದ್ದಾಡುತ್ತಿದೆ, ಏನೋ ಹಿಡಿದುಕೊಂಡಿದೆ. ದೀಪ ಸ್ವಲ್ಪವೂ ಅಲುಗದಿದ್ದರೆ ಕರೆಂಟ್ ಮಧ್ಯದಲ್ಲೆಲ್ಲೋ ನಿಂತಿದೆ. ಎಲ್‌ಇಡಿ ದೀಪ ಹಾಕಿಸಿದ್ದರೆ ಇದು ಅಷ್ಟಾಗಿ ಕಾಣುವುದಿಲ್ಲ, ಹಳೇ ಬಲ್ಬ್ ಆದರೆ ಚೆನ್ನಾಗಿ ಗೊತ್ತಾಗುತ್ತದೆ.

ಕಿವಿಯನ್ನೂ ಬಾಗಿಲಿಗೆ ಕೊಡಿ. ಮೋಟಾರ್ ಗರ್ರ್ ಅಂತ ತಿರುಗುತ್ತಿದ್ದು ಗ್ಲಾಸ್ ಅಲ್ಲೇ ಇದ್ದರೆ ಕರೆಂಟ್ ದೋಷವೇ ಅಲ್ಲ, ಗ್ಲಾಸ್ ಎತ್ತುವ ಮಷಿನ್‌ನ ಕೇಬಲ್ ಹರಿದಿದೆ ಅಥವಾ ಅದರ ಪ್ಲಾಸ್ಟಿಕ್ ತುಂಡಾಗಿದೆ. ಅಂಥದ್ದಕ್ಕೆ ವೈರ್ ಹುಡುಕುತ್ತಾ ಕೂರಬೇಡಿ.

ಫ್ಯೂಸ್

ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಅಥವಾ ಕಾರಿನ ಪುಸ್ತಕದಲ್ಲಿ ಯಾವುದು ಯಾವುದಕ್ಕೆ ಅಂತ ಇರುತ್ತದೆ. ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದು ನೋಡಿದರೆ ಸಾಲದು. ತಂತಿ ಸರಿ ಕಂಡರೂ ಕಾಲು ಕಿಲುಬು ಹಿಡಿದಿರಬಹುದು. ಅದು ಪೆಟ್ಟಿಗೆಯಲ್ಲಿ ಕೂತಿರುವಾಗಲೇ, ಬೆನ್ನ ಮೇಲೆ ಕಾಣುವ ಎರಡು ಸಣ್ಣ ಲೋಹದ ಚುಕ್ಕೆಗಳಿಗೆ ಟೆಸ್ಟ್ ಲ್ಯಾಂಪ್ (ಒಂದು ತುದಿಯನ್ನು ಅರ್ತ್‌ಗೆ ಕಚ್ಚಿಸಿ, ಇನ್ನೊಂದು ಮೊನೆಯಿಂದ ಕರೆಂಟ್ ನೋಡುವ ಸಣ್ಣ ಬಲ್ಬ್) ಮುಟ್ಟಿಸಿ. ಎರಡರಲ್ಲೂ ಲ್ಯಾಂಪ್ ಹತ್ತಿದರೆ ಸರಿ. ಒಂದರಲ್ಲಿ ಹತ್ತಿ ಇನ್ನೊಂದರಲ್ಲಿ ಹತ್ತದಿದ್ದರೆ ಫ್ಯೂಸ್ ಹೋಗಿದೆ. ಎರಡರಲ್ಲೂ ಹತ್ತದಿದ್ದರೆ ಕರೆಂಟ್ ಇಲ್ಲಿಗೇ ಬಂದಿಲ್ಲ, ಹಿಂದಕ್ಕೆ ಬ್ಯಾಟರಿ ಕಡೆ ಹುಡುಕಿ. ಫ್ಯೂಸ್ ಸರಿಯಿದ್ದರೆ ಮುಂದೆ ರಿಲೇ ಕಡೆ ಹೋಗಿ. ಪಕ್ಕದಲ್ಲಿ ಅದೇ ನಂಬರಿನ ರಿಲೇ ಬೇರೆ ಕೆಲಸಕ್ಕೆ ಇದ್ದರೆ ಅದಲು ಬದಲು ಮಾಡಿ ನೋಡಬಹುದು.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದಯವಿಟ್ಟು ದೊಡ್ಡ ಫ್ಯೂಸ್ ಹಾಕಬೇಡಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದು, ತಾಮ್ರದ ತಂತಿ ಸಿಕ್ಕಿಸಿದ್ದು ಎಲ್ಲಾ ನೋಡಿದ್ದೇನೆ. ನೋಡಿದರೇ ಎದೆ ಝಲ್ಲೆನ್ನುತ್ತದೆ. ಫ್ಯೂಸ್ ಉರಿಯದಿದ್ದರೆ ವೈರ್ ಉರಿಯುತ್ತದೆ, ವೈರ್ ಇರುವುದು ನಿಮ್ಮ ಕಾಲ ಹತ್ತಿರ, ಮಕ್ಕಳು ಕೂರುವ ಬಾಗಿಲಲ್ಲಿ. ಅದರ ಬದಲು ಚಾಚಾ ಹೇಳಿಕೊಟ್ಟ ಉಪಾಯ ಮಾಡಿ. ಫ್ಯೂಸ್ ಜಾಗಕ್ಕೆ ಎರಡು ವೈರ್ ಕಟ್ಟಿ ಹಳೇ ಹೆಡ್‌ಲೈಟ್ ಬಲ್ಬ್ ಸಿಕ್ಕಿಸಿ. ಎಲ್ಲೋ ವೈರ್ ಕಾರಿನ ಮೈಗೆ ತಾಗಿ ಶಾರ್ಟ್ ಆಗಿದ್ದರೆ ಬಲ್ಬ್ ಪೂರ್ತಿ ಬೆಳಗುತ್ತದೆ, ಆದರೆ ಬಲ್ಬೇ ಕರೆಂಟನ್ನು ತಡೆಯುವುದರಿಂದ ಏನೂ ಸುಡುವುದಿಲ್ಲ. ಆಮೇಲೆ ಬಾಗಿಲು ಆಡಿಸಿ, ವೈರ್ ಗೊಂಚಲನ್ನು ಅಲ್ಲಲ್ಲಿ ಹಿಡಿದು ಅಲುಗಿಸಿ. ಎಲ್ಲಿ ಮುಟ್ಟಿದಾಗ ಬಲ್ಬ್ ಕಣ್ಣು ಮಿಟುಕಿಸುತ್ತದೋ ಅಲ್ಲೇ ಇದೆ ಶಾರ್ಟ್. ಬಲ್ಬ್ ತುಂಬಾ ಬಿಸಿಯಾಗುತ್ತದೆ, ಸೀಟಿನ ಬಟ್ಟೆಗೋ ಪ್ಲಾಸ್ಟಿಕ್ಕಿಗೋ ತಾಗದ ಹಾಗೆ ಇಡಿ.

ಸ್ವಿಚ್

ಹಳೇ ಕಾರುಗಳಲ್ಲಿ ಮೋಟಾರಿನ ಪೂರ್ತಿ ಕರೆಂಟ್ ಸ್ವಿಚ್ ಒಳಗಿನಿಂದಲೇ ಹಾದುಹೋಗುತ್ತದೆ. ಒತ್ತಿದಾಗ ಬಿಟ್ಟಾಗ ಒಳಗೆ ಸಣ್ಣ ಕಿಡಿ ಹಾರುತ್ತದೆ. ವರ್ಷಗಟ್ಟಲೆ ಹೀಗೆ ಹಾರಿ ಹಾರಿ ತಾಮ್ರದ ಚುಕ್ಕೆಗಳ ಮೇಲೆ ಮಸಿ ಕಟ್ಟುತ್ತದೆ. ಅದರ ಮೇಲೆ ನಮ್ಮ ಕಡೆಯ ಧೂಳು ಬೇರೆ. ಗ್ಲಾಸ್ ಇಳಿಸಿಕೊಂಡು ಓಡಾಡುವವರ ಮಾಸ್ಟರ್ ಸ್ವಿಚ್ ಬಿಚ್ಚಿದರೆ ಒಳಗೆ ಮೆತ್ತಗಿನ ಕೆಂಪು ಹಿಟ್ಟು ಉದುರುತ್ತದೆ. ಬಟನ್ ಗಟ್ಟಿಯಾಗಿ ಒತ್ತಿದರೆ, ಓರೆಯಾಗಿ ಒತ್ತಿದರೆ ಮಾತ್ರ ಗ್ಲಾಸ್ ಓಡುತ್ತದೆ ಅಂದರೆ ಇದೇ ಕಾರಣ ಇರುತ್ತದೆ.

ಬ್ಯಾಟರಿಯ ಮೈನಸ್ ಬಿಚ್ಚಿ, ಸ್ವಿಚ್ ಹೊರತೆಗೆದು, ಕಪ್ಲರ್ (ವೈರ್‌ಗಳ ತುದಿಯ ಪ್ಲಾಸ್ಟಿಕ್ ಪ್ಲಗ್) ಕಳಚಿ. ಸ್ವಿಚ್ ಬಿಚ್ಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ, ಒಳಗೆ ಸಾಸಿವೆ ಗಾತ್ರದ ಸ್ಪ್ರಿಂಗ್ ಇರುತ್ತವೆ, ಹಾರಿದರೆ ಸಿಗುವುದಿಲ್ಲ. ಒಳಗಿನದನ್ನು ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಂಡು ಆಮೇಲೆ ಮುಟ್ಟಿ. ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಮಸಿ ಹೋಗದಿದ್ದರೆ ತೀರಾ ನಯವಾದ ಉಪ್ಪು ಕಾಗದದಿಂದ ಒಂದೆರಡು ಸಲ ಹಗುರವಾಗಿ ತಿಕ್ಕಿದರೆ ಸಾಕು. ಚುಕ್ಕೆ ಕರಗಿ ಗುಳಿ ಬಿದ್ದಿದ್ದರೆ ಆ ಸ್ವಿಚ್ ಮುಗಿಯಿತು, ಹೊಸದು ಹಾಕಿ. ಚಹಾ ಚೆಲ್ಲಿದ ಸ್ವಿಚ್ ಆದರೆ ಸಕ್ಕರೆ ಅಂಟು ಒಳಗೆ ಕೂತಿರುತ್ತದೆ, ಅದನ್ನು ಪೂರ್ತಿ ತೊಳೆದು ಒಣಗಿಸಬೇಕು.

ಹೊಸ ಕಾರುಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಸ್ವಿಚ್ ಬರೀ ಸಂದೇಶ ಕಳಿಸುತ್ತದೆ, ಮೋಟಾರನ್ನು ಓಡಿಸುವುದು ಒಂದು ಎಲೆಕ್ಟ್ರಾನಿಕ್ ಮಾಡ್ಯೂಲ್. ಅಂಥ ಸಣ್ಣ ವೈರ್‌ಗಳಿಗೆ ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಚುಚ್ಚಬೇಡಿ, ಮಾಡ್ಯೂಲ್ ಸುಡಬಹುದು. ಸ್ಕ್ಯಾನರ್ ಇರುವವರ ಹತ್ತಿರ ಹೋಗುವುದೇ ಒಳ್ಳೆಯದು.

ಬಾಗಿಲ ಸಂದಿನ ವೈರ್

ಕಾರಿನ ಮುಂದಿನ ಬಾಗಿಲು ಪೂರ್ತಿ ತೆಗೆದು, ಕೀಲು ಇರುವ ಕಡೆ ಬಗ್ಗಿ ನೋಡಿ. ಸುಕ್ಕು ಸುಕ್ಕಾದ ಕಪ್ಪು ರಬ್ಬರ್ ಕೊಳವೆ ಕಾಣುತ್ತದೆ. ಬಾಗಿಲಿನ ಎಲ್ಲಾ ವೈರ್ ಅದರೊಳಗೇ ಹೋಗುತ್ತವೆ. ಬಾಗಿಲು ತೆಗೆದಾಗ ಅವು ನೆಟ್ಟಗಾಗುತ್ತವೆ, ಹಾಕಿದಾಗ ಮಡಚುತ್ತವೆ. ದಿನಕ್ಕೆ 10 ಸಲ ಅಂತ ಹಿಡಿದರೂ ವರ್ಷಕ್ಕೆ 3,650 ಸಲ. ತಂತಿಯನ್ನು ಕೈಯಲ್ಲಿ ಹಿಡಿದು ಆಚೆ ಈಚೆ ಬಗ್ಗಿಸಿದರೆ ತುಂಡಾಗುತ್ತದಲ್ಲ, ಅದೇ ಇಲ್ಲಿ ನಿಧಾನವಾಗಿ ಆಗುತ್ತಿರುತ್ತದೆ. ಬಿಸಿಲಿಗೆ ಮೇಲಿನ ಪ್ಲಾಸ್ಟಿಕ್ ಗಡಸಾದರಂತೂ ಇನ್ನೂ ಬೇಗ.

ನನ್ನ ಕಾರಿನದನ್ನು ಬಿಚ್ಚಿದಾಗ ಮೊದಲು ಏನೂ ಕಾಣಲಿಲ್ಲ. ಆರೇಳು ವೈರ್, ಎಲ್ಲದರ ಮೈಯೂ ಅಖಂಡ. ಚಾಚಾ ಒಂದೊಂದನ್ನೇ ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಮೆಲ್ಲಗೆ ಎಳೆಯುತ್ತಾ ಬಂದರು. ಐದನೆಯದು ರಬ್ಬರ್ ಬ್ಯಾಂಡಿನಂತೆ ಚೂರು ಹಿಗ್ಗಿತು. "ಇಗಾ, ಸಿಕ್ತು" ಅಂದರು. ಒಳಗೆ ತಾಮ್ರ ಇದ್ದರೆ ವೈರ್ ಹಿಗ್ಗುವುದಿಲ್ಲ, ಹಿಗ್ಗಿದೆ ಅಂದರೆ ಅಲ್ಲಿ ಬರೀ ಪ್ಲಾಸ್ಟಿಕ್ ಇದೆ. ಬ್ಲೇಡಿನಿಂದ ಸೀಳಿದಾಗ ಒಳಗೆ ತಾಮ್ರದ ಎರಡು ತುದಿಗಳು ಒಂದಕ್ಕೊಂದು ಅಕ್ಕಿಕಾಳಿನಷ್ಟು ದೂರದಲ್ಲಿದ್ದವು. ತುದಿಯಲ್ಲಿ ಹಸಿರು ಕಿಲುಬು, ಮುಟ್ಟಿದರೆ ಪುಡಿ. ಭರಮಸಾಗರದಲ್ಲಿ ಅಮ್ಮ ಚಹಾಕ್ಕೆ ಇಳಿದು ಬಾಗಿಲು ಹಾಕಿದಾಗ ಆ ತುದಿಗಳು ಬೇರೆಯಾಗಿವೆ. ಗ್ಯಾರೇಜಿನಲ್ಲಿ ಮೋಟಾರ್ ಬದಲಿಸುವಾಗ ಬಾಗಿಲು ಅರ್ಧ ದಿನ ತೆರೆದೇ ಇತ್ತಲ್ಲ, ಅಲುಗಾಟದಲ್ಲಿ ಮತ್ತೆ ಕೂಡಿಕೊಂಡಿವೆ. ಹೊಸ ಮೋಟಾರ್ ಮೂರು ದಿನ ಓಡಿದ್ದು ಹಾಗೆ.

ಈ ದೋಷ ಇದೆಯಾ ಅಂತ ನೋಡಲು ಬಟನ್ ಒತ್ತಿ ಹಿಡಿದು ಬಾಗಿಲನ್ನು ನಿಧಾನವಾಗಿ ತೆಗೆದು ಹಾಕಿ ಮಾಡಿ, ಇನ್ನೊಬ್ಬರು ಆ ರಬ್ಬರ್ ಕೊಳವೆಯನ್ನು ಅಲುಗಿಸುತ್ತಿರಲಿ. ಮಧ್ಯೆ ಎಲ್ಲೋ ಒಂದು ಕ್ಷಣ ಗ್ಲಾಸ್ ಮಿಸುಕಿದರೂ ಸಾಕು, ಕಳ್ಳ ಅಲ್ಲೇ ಇದ್ದಾನೆ.

ಮೀಟರ್ ವಿಷಯದಲ್ಲಿ ಒಂದು ಎಚ್ಚರ. ನಾನು ಮೊದಲು ಮಲ್ಟಿಮೀಟರ್ ಹಿಡಿದು ಮೋಟಾರಿನ ಕಪ್ಲರ್ ಹತ್ತಿರ ನೋಡಿದಾಗ, ಬಾಗಿಲು ಇನ್ನೂ ತೆರೆದಿತ್ತು, 12.4 ವೋಲ್ಟ್ ತೋರಿಸಿತ್ತು. ಹಾಗಾದರೆ ವೈರ್ ಸರಿಯಿದೆ ಅಂದುಕೊಂಡೆ. ಚಾಚಾ ಒಪ್ಪಲಿಲ್ಲ. "ಮೀಟ್ರು ಸುಳ್ಳು ಹೇಳಲ್ಲ ತಮ್ಮಾ, ಆದ್ರೆ ಅದಕ್ಕೆ ಹಸಿವಿಲ್ಲ. ಹಸಿವಿರೋದನ್ನ ಹಾಕಿ ನೋಡು" ಅಂದರು. ಮೀಟರ್ ಕರೆಂಟ್ ತಿನ್ನುವುದೇ ಇಲ್ಲ ಅನ್ನಬಹುದು. 20 ಎಳೆಯ ವೈರ್‌ನಲ್ಲಿ ಒಂದೇ ಎಳೆ ಕೂದಲಿನಷ್ಟು ತಾಗಿಕೊಂಡಿದ್ದರೂ ಅದು ಪೂರ್ತಿ ವೋಲ್ಟ್ ತೋರಿಸುತ್ತದೆ. ಮೋಟಾರಿಗೆ ಅದು ಸಾಲದು. ಆ ಹದಗೆಟ್ಟ ಜಾಗ ಒಂದು ಓಮ್‌ನಷ್ಟು ತಡೆ ಒಡ್ಡಿದರೂ 5 ಆಂಪಿಯರ್ ಹರಿಯುವಾಗ 5 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ, ಮೋಟಾರಿಗೆ ಉಳಿಯುವುದು 7 ಚಿಲ್ಲರೆ.

ಅದಕ್ಕೇ ಹಳೇ ಹೆಡ್‌ಲೈಟ್ ಬಲ್ಬ್ ಇಟ್ಟುಕೊಳ್ಳಿ. 55 ವ್ಯಾಟ್‌ನದು ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ, ಹೆಚ್ಚುಕಮ್ಮಿ ಗ್ಲಾಸ್ ಮೋಟಾರ್ ಎಳೆಯುವಷ್ಟೇ. ಮೋಟಾರಿನ ಕಪ್ಲರ್ ಬಿಚ್ಚಿ, ಬಂದ ಎರಡು ವೈರ್‌ಗೆ ಬಲ್ಬ್ ಕೊಟ್ಟು ಬಟನ್ ಒತ್ತಿ. ಏರುವ ಕಡೆಗೂ, ಇಳಿಯುವ ಕಡೆಗೂ ಬಲ್ಬ್ ಜೋರಾಗಿ ಉರಿದರೆ ವೈರಿಂಗ್ ಪೂರ್ತಿ ಸರಿ, ಇನ್ನು ಮೋಟಾರನ್ನು ಅನುಮಾನಿಸಬಹುದು. ಬಲ್ಬ್ ಕೆಂಪಗೆ ಮಂಕಾಗಿ ಉರಿದರೆ, ಅಥವಾ ಉರಿಯದಿದ್ದರೆ ಹಿಂದಕ್ಕೆ ಹೋಗಿ. ಸ್ವಿಚ್ ಹತ್ತಿರ ಬಲ್ಬ್ ಕೊಡಿ, ಫ್ಯೂಸ್ ಹತ್ತಿರ ಕೊಡಿ. ಎಲ್ಲಿ ಜೋರಾಗಿ ಉರಿದು, ಮುಂದಿನ ಜಾಗದಲ್ಲಿ ಮಂಕಾಯಿತೋ ಆ ಎರಡರ ನಡುವೆ ದೋಷ. ಬಲ್ಬ್ ಉರಿಯುತ್ತಿರುವಾಗಲೇ ಮೀಟರ್ ಹಿಡಿದರೆ ಆಗ ಮೀಟರ್ ಹೇಳುವುದನ್ನು ನಂಬಬಹುದು. ಬ್ಯಾಟರಿಯ ಪ್ಲಸ್‌ಗೂ ಬಲ್ಬಿನ ಪ್ಲಸ್‌ಗೂ ನಡುವೆ ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ದಾರಿಯಲ್ಲಿ ಎಲ್ಲೋ ಸೋರಿಕೆ ಇದೆ. ಅರ್ತ್ ಕಡೆಗೂ ಹೀಗೇ ನೋಡಿ, ಬ್ಯಾಟರಿ ಮೈನಸ್‌ನಿಂದ ಬಲ್ಬಿನ ಮೈನಸ್‌ಗೆ. ಅರ್ತ್ ಅನ್ನು ಎಲ್ಲರೂ ಮರೆಯುತ್ತಾರೆ.

ತುಂಡಾದ ವೈರನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಬಾಳಿಕೆ ಬರುವುದಿಲ್ಲ. ಮತ್ತೆ ಅದೇ ಜಾಗ ಮಡಚುತ್ತದಲ್ಲ. ಎರಡೂ ಕಡೆ ಚೆನ್ನಾಗಿರುವ ತಾಮ್ರ ಸಿಗುವವರೆಗೂ ಕತ್ತರಿಸಿ, ಅಷ್ಟೇ ದಪ್ಪದ, ಸಣ್ಣ ಎಳೆಗಳ ಮೆತ್ತಗಿನ ವೈರ್ ಸೇರಿಸಿ. ಜೋಡಣೆ ಒಂದು ಬಾಗಿಲ ಒಳಗೆ, ಇನ್ನೊಂದು ಕಾರಿನ ಮೈಯೊಳಗೆ ಬರುವ ಹಾಗೆ ಉದ್ದ ಬಿಡಿ, ಮಡಚುವ ಜಾಗದಲ್ಲಿ ಗಂಟು ಇರಕೂಡದು. ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗುವ ಸ್ಲೀವ್ ಏರಿಸಿ. ಒಂದು ವೈರ್ ತುಂಡಾಗಿದೆ ಅಂದರೆ ಅಕ್ಕಪಕ್ಕದವೂ ಹಾದಿಯಲ್ಲಿವೆ, ಬಿಚ್ಚಿದ ಕೈಯಲ್ಲಿ ಅವನ್ನೂ ಎಳೆದು ನೋಡಿ.

ಮೋಟಾರ್

ಇಷ್ಟೆಲ್ಲಾ ಸರಿಯಿದ್ದು ಗ್ಲಾಸ್ ಓಡದಿದ್ದರೆ ಆಗ ಮೋಟಾರ್. ಬಟನ್ ಒತ್ತಿ ಹಿಡಿದು, ಡೋರ್ ಪ್ಯಾಡ್ (ಬಾಗಿಲ ಒಳಮೈಯ ಹೊದಿಕೆ) ಮೇಲೆ ಮೋಟಾರ್ ಇರುವ ಜಾಗಕ್ಕೆ ಮುಷ್ಟಿಯಿಂದ ತಟ್ಟಿ. ತಟ್ಟಿದಾಗ ಓಡಿದರೆ ಮೋಟಾರ್ ಒಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ ಅಥವಾ ಅಂಟಿಕೊಂಡಿದೆ. ದಾರಿಯಲ್ಲಿ ಮಳೆ ಬಂದು ಗ್ಲಾಸ್ ನಿಂತರೂ ಇದನ್ನೇ ಮಾಡಿ. ಒಬ್ಬರು ಬಟನ್ ಹಿಡಿಯಲಿ, ಇನ್ನೊಬ್ಬರು ಎರಡೂ ಅಂಗೈ ಗ್ಲಾಸಿನ ಒಳಗೂ ಹೊರಗೂ ಒತ್ತಿ ಮೇಲಕ್ಕೆ ಎತ್ತಲಿ. ಬಾಗಿಲನ್ನು ಒಂದೆರಡು ಸಲ ತೆಗೆದು ಹಾಕಿಯೂ ನೋಡಿ.

ಮೋಟಾರ್ ಎರಡು ಮೂರು ಸಲ ಓಡಿ ನಿಂತು, ಹತ್ತು ನಿಮಿಷ ಬಿಟ್ಟು ಮತ್ತೆ ಓಡುತ್ತಿದ್ದರೆ ಅದು ಸತ್ತಿಲ್ಲ. ಒಳಗೆ ಬಿಸಿ ಜಾಸ್ತಿಯಾದಾಗ ಕರೆಂಟ್ ತಡೆಯುವ ಒಂದು ರಕ್ಷಣೆ ಇರುತ್ತದೆ, ಆರಿದ ಮೇಲೆ ತಾನೇ ಬಿಡುತ್ತದೆ. ಮಕ್ಕಳು ಬಟನ್ ಜೊತೆ ಆಡಿದ ಮೇಲೆ ಹೀಗಾಗುವುದು ಸಹಜ. ಯಾರೂ ಆಡದೆ ಹಾಗಾಗುತ್ತಿದ್ದರೆ ಮೋಟಾರ್ ಮೇಲೆ ಭಾರ ಜಾಸ್ತಿ ಬೀಳುತ್ತಿದೆ.

ಆ ಭಾರ ಎಲ್ಲಿಂದ ಅಂದರೆ ಗ್ಲಾಸ್ ಜಾರುವ ರಬ್ಬರ್ ಬೀಡಿಂಗ್. ಭೀಮಸಮುದ್ರದ ಕಡೆ ಗಣಿ ರಸ್ತೆಯಲ್ಲಿ ಓಡಾಡುವ ಕಾರಿನ ಬೀಡಿಂಗ್ ಒಳಗೆ ಬೆರಳು ಹಾಕಿ ನೋಡಿ, ಉಪ್ಪು ಕಾಗದದ ಹಾಗೆ ತರಿತರಿ. ಗ್ಲಾಸಿಗೆ ಹಚ್ಚಿದ ಫಿಲ್ಮ್ ಅಂಚಿನಲ್ಲಿ ಎದ್ದಿದ್ದರೂ, ಕಿತ್ತ ಮೇಲೆ ಅಂಟು ಉಳಿದಿದ್ದರೂ ಇದೇ ಗೋಳು. ಒದ್ದೆ ಬಟ್ಟೆಯನ್ನು ಚಪ್ಪಟೆ ಕಡ್ಡಿಗೆ ಸುತ್ತಿ ಬೀಡಿಂಗ್ ಒಳಗೆಲ್ಲಾ ಒರೆಸಿ, ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಹೊಡೆಯಿರಿ. ಗ್ರೀಸ್, ಎಂಜಿನ್ ಆಯಿಲ್ ಬೇಡವೇ ಬೇಡ. ಧೂಳು ಅಂಟಿ ಕೆಸರಾಗುತ್ತದೆ, ರಬ್ಬರ್ ಕೂಡ ಉಬ್ಬಿ ಹಾಳಾಗುತ್ತದೆ.

ಒಂದೇ ಒತ್ತಿಗೆ ತಾನೇ ಏರುವ ಗ್ಲಾಸ್ ಇದ್ದರೆ, ಅದು ಅರ್ಧ ಏರಿ ವಾಪಸ್ ಇಳಿಯುವುದಕ್ಕೂ ಈ ಒಣ ಬೀಡಿಂಗ್ ಕಾರಣ ಆಗಬಹುದು. ಕೈ ಸಿಕ್ಕಿಕೊಂಡಿದೆ ಅಂತ ಅದು ತಿಳಿದುಕೊಳ್ಳುತ್ತದೆ. ಯುರೋಪ್, ಅಮೆರಿಕದ ನಿಯಮದಲ್ಲಿ ಹೀಗೆ ತಿರುಗಿ ಇಳಿಯುವ ರಕ್ಷಣೆಗೆ ಇಟ್ಟಿರುವ ಮಿತಿ 100 ನ್ಯೂಟನ್, ಅಂದರೆ ಸುಮಾರು 10 ಕೆಜಿ ಭಾರದಷ್ಟು ಒತ್ತಡ.

ಮೋಟಾರ್ ಹೊರತೆಗೆಯುವುದೇ ಆದರೆ ಗ್ಲಾಸನ್ನು ಮೇಲಕ್ಕೆತ್ತಿ, ಬಾಗಿಲ ಚೌಕಟ್ಟಿನ ಮೇಲಿಂದ ಅಗಲವಾದ ಟೇಪ್ ಹಾಕಿ ಬಿಗಿಯಾಗಿ ಅಂಟಿಸಿ. ಕತ್ತರಿಯಾಕಾರದ ಮಷಿನ್ ಆದರೆ ಅದಕ್ಕೊಂದು ಬಲವಾದ ಸುರುಳಿ ಸ್ಪ್ರಿಂಗ್ ಇರುತ್ತದೆ. ಮೋಟಾರ್ ಬಿಚ್ಚಿದ ತಕ್ಷಣ ತೋಳು ರಪ್ಪಂತ ತಿರುಗಿ ಬೆರಳು ಜಜ್ಜಿಬಿಡುತ್ತದೆ. ತೋಳನ್ನು ಬೋಲ್ಟ್ ಹಾಕಿ ಕಟ್ಟಿ ನಿಲ್ಲಿಸದೆ ಆ ಕೆಲಸಕ್ಕೆ ಕೈ ಹಾಕಬೇಡಿ, ಅನುಭವ ಇಲ್ಲದಿದ್ದರೆ ಇಲ್ಲಿ ಮೆಕ್ಯಾನಿಕ್‌ಗೇ ಬಿಡಿ.

ಮುಚ್ಚುವ ಮುಂಚೆ

ಡೋರ್ ಪ್ಯಾಡ್ ಕೂರಿಸುವ ಮುಂಚೆ ಎರಡೂ ಬಟನ್‌ನಿಂದ ಗ್ಲಾಸನ್ನು ಹತ್ತು ಸಲ ಆಡಿಸಿ, ಪ್ರತಿ ಎರಡು ಸಲಕ್ಕೊಮ್ಮೆ ಬಾಗಿಲು ತೆಗೆದು ಹಾಕಿ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದಿದ್ದರೂ ಟೇಪ್ ಹಾಕಿ ವಾಪಸ್ ಅಂಟಿಸಿ. ಅದನ್ನು ಕಿತ್ತು ಬಿಸಾಡುವವರಿದ್ದಾರೆ. ಗ್ಲಾಸಿನ ಸಂದಿಯಿಂದ ಇಳಿಯುವ ಮಳೆ ನೀರು ಸ್ವಿಚ್, ಕಪ್ಲರ್ ಕಡೆ ಬಾರದಂತೆ ತಡೆಯುವುದು ಅದೇ. ಬಾಗಿಲ ಕೆಳ ಅಂಚಿನ ನೀರು ಹೋಗುವ ತೂತುಗಳನ್ನೂ ಕಡ್ಡಿಯಿಂದ ಬಿಡಿಸಿ.

ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ತಾನೇ ಏರುವ ಗ್ಲಾಸ್ ಬಿಟ್ಟು ಬಿಟ್ಟು ಏರಿದರೆ ಗಾಬರಿ ಬೇಡ, ಅದಕ್ಕೆ ತನ್ನ ಮೇಲಿನ ತುದಿ ಮರೆತಿರುತ್ತದೆ. ಎಂಜಿನ್ ಆನ್ ಮಾಡಿ, ಗ್ಲಾಸ್ ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಏರಿದ ಮೇಲೂ ಬಟನ್ ಬಿಡದೆ ಕೆಲವು ಸೆಕೆಂಡ್ ಎಳೆದೇ ಹಿಡಿದಿರಿ. ಎಷ್ಟು ಸೆಕೆಂಡ್, ಎಷ್ಟು ಸಲ ಅನ್ನುವುದು ಒಂದೊಂದು ಕಾರಿಗೆ ಒಂದೊಂದು ಥರ, ನಿಮ್ಮ ಕಾರಿನ ಪುಸ್ತಕದಲ್ಲಿ ಇರುತ್ತದೆ.

ನನ್ನ ಕಾರಿನ ಹಳೇ ಮೋಟಾರ್ ಈಗಲೂ ಮನೆಯಲ್ಲಿದೆ. ಬ್ಯಾಟರಿಗೆ ಕೊಟ್ಟು ನೋಡಿದೆ, ಎರಡೂ ಕಡೆಗೆ ಚೆನ್ನಾಗಿ ತಿರುಗುತ್ತದೆ.